ಎಮ್ಮೆ ತುಪ್ಪ, ಕುರಿ ಕೊಬ್ಬು, ಶೇಂಗಾ ಎಣ್ಣೆ: ನಮ್ಮ ಅಡುಗೆಮನೆಯ ಆರು ತಿಂಗಳ ಲೆಕ್ಕ

2 ಕೆಜಿ ತುಪ್ಪಕ್ಕೆ 1,300 ರೂಪಾಯಿ ಕೊಟ್ಟಿದ್ದೆ. ಅದು ಗಾಜಿನ ನಳಿಕೆಯಲ್ಲಿ ಕೆಂಪಗಾಯಿತು. ಅದಕ್ಕಿಂತ ನಿನ್ನ ಮುಖವೇ ಜಾಸ್ತಿ ಕೆಂಪಾಗಿತ್ತು ಮಾವ ಅಂತ ಅಕ್ಕನ ಮಗ ಈಗಲೂ ನಗುತ್ತಾನೆ.

ಆಗಿದ್ದು ಇಷ್ಟು. ಶ್ರಾವಣದಲ್ಲಿ ಸಿಂಧನೂರಿನ ನಮ್ಮ ಓಣಿಗೆ ಬೈಕಿಗೆ ಕ್ಯಾನ್ ಕಟ್ಟಿಕೊಂಡು ಒಬ್ಬ ಬಂದ. "ಹಳ್ಳಿ ತುಪ್ಪರೀ ಅಣ್ಣಾರ, ಆಕಳ ತುಪ್ಪ, ಮನ್ಯಾಗ ಕಾಸಿದ್ದು" ಅಂದ. ಬಂಗಾರದ ಬಣ್ಣ, ಹರಳು ಹರಳು. ಮುಂಗೈಗೆ ಸವರಿ ಮೂಸಿ ನೋಡಿದೆ, ಘಮ್ ಅಂತು. ಆ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಫೋನ್ ತೆಗೆದರೆ ಸಾಕು, ರಿಫೈನ್ಡ್ ಎಣ್ಣೆ ಬಿಡಿ, ಅಜ್ಜನ ಕಾಲದ ತುಪ್ಪಕ್ಕೆ, ಕೊಬ್ಬಿಗೆ ಮರಳಿ ಅನ್ನೋ ವಿಡಿಯೋಗಳೇ. ಅರ್ಧ ನಂಬಿದ್ದೆ, ಅರ್ಧ ನಂಬಿರಲಿಲ್ಲ. ನೋಡೇ ಬಿಡೋಣ ಅಂತ ಎರಡು ಕಿಲೋ ಹಾಕಿಸಿಕೊಂಡೆ.

ಒಂದು ವಾರ ಆದ ಮೇಲೆ ನನ್ನ ಹೆಂಡತಿ ಬಿಸಿ ರೊಟ್ಟಿ ಮುರಿಯುತ್ತಾ "ರೀ, ಈ ತುಪ್ಪ ಅಂಗುಳಕ್ಕ ಅಂಟ್ತದ ನೋಡ್ರಿ" ಅಂದಳು. ಹೌದು, ನುಂಗಿದ ಮೇಲೂ ಬಾಯಿಯ ಮೇಲ್ಭಾಗದಲ್ಲಿ ತೆಳ್ಳಗೆ ಏನೋ ಉಳಿಯುತ್ತಿತ್ತು. ಅಕ್ಕನ ಮಗ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಾನೆ. ಒಂದು ಸಣ್ಣ ಬಾಟಲಿಯಲ್ಲಿ ಈ ತುಪ್ಪ, ಇನ್ನೊಂದರಲ್ಲಿ ಪ್ಯಾಕೆಟ್ ನಂದಿನಿ ತುಪ್ಪ ತೆಗೆದುಕೊಂಡು ಅವನ ಲ್ಯಾಬಿಗೆ ಹೋದೆ. ಎರಡು ನಳಿಕೆಗೂ ಒಂದೊಂದು ಚಮಚ ಕರಗಿಸಿದ ತುಪ್ಪ, ಅಷ್ಟೇ ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್, ಒಂದು ಚಿಟಿಕೆ ಸಕ್ಕರೆ. ಒಂದು ನಿಮಿಷ ಅಲ್ಲಾಡಿಸಿ ಐದು ನಿಮಿಷ ಸುಮ್ಮನೆ ಬಿಟ್ಟ. ಪ್ಯಾಕೆಟ್ ತುಪ್ಪದ ನಳಿಕೆ ಹಾಗೇ ಇತ್ತು. ನನ್ನದರಲ್ಲಿ ಕೆಳಗಿನ ಪದರ ಅರಿಶಿನ ಬಿದ್ದ ಸುಣ್ಣದ ಹಾಗೆ ಕೆಂಪಗಾಯಿತು.

ಡಾಲ್ಡಾ, ಅಂದರೆ ವನಸ್ಪತಿ ಬೆರೆತಿತ್ತು. ವನಸ್ಪತಿ ಮಾಡುವವರು ಅದಕ್ಕೆ ಕನಿಷ್ಠ 5 ಶೇಕಡಾ ಎಳ್ಳೆಣ್ಣೆ ಸೇರಿಸಲೇಬೇಕು ಅಂತ ನಮ್ಮ ದೇಶದಲ್ಲಿ ಕಾನೂನೇ ಇದೆಯಂತೆ. ಯಾಕೆ ಅಂದರೆ, ತುಪ್ಪಕ್ಕೆ ಬೆರೆಸಿದರೆ ಸಿಕ್ಕಿಬೀಳಲಿ ಅಂತ. ಆಸಿಡ್ ಮತ್ತು ಸಕ್ಕರೆ ಸೇರಿ ಆಗುವ ಪದಾರ್ಥ ಎಳ್ಳೆಣ್ಣೆಯಲ್ಲಿರುವ ಒಂದು ಅಂಶದ ಜೊತೆ ಸೇರಿ ಕೆಂಪಾಗುತ್ತದೆ. ಬೋಡುವಾನ್ ಪರೀಕ್ಷೆ ಅಂತ ಹೆಸರು. ಎಷ್ಟು ಚೆಂದದ ಉಪಾಯ ಅಲ್ವಾ? ಕಳ್ಳನ ಜೇಬಿಗೆ ಮೊದಲೇ ಗಂಟೆ ಕಟ್ಟಿದ ಹಾಗೆ. ಆದರೆ ಬರೀ ಪಾಮ್ ಎಣ್ಣೆ ಬೆರೆಸಿದ್ದರೆ ಈ ಗಂಟೆ ಬಾರಿಸುವುದಿಲ್ಲ. ಆ ಆಸಿಡ್ ಕೈ ಸುಡುತ್ತದೆ, ಮನೆಯಲ್ಲಿ ಮಾಡುವ ಆಟ ಅಲ್ಲ.

ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ತೂಕ ಮಾಡದೆ, ಬರೆದಿಡದೆ ನನಗೆ ನಿದ್ದೆ ಬರುವುದಿಲ್ಲ. ಮೋಸ ಹೋದ ಮೇಲಂತೂ ಹಟ ಜಾಸ್ತಿ ಆಯಿತು. ಆರು ತಿಂಗಳು ಒಂದೊಂದನ್ನೇ ತಂದು ಅಡುಗೆ ಮಾಡಿ ನೋಡಿದೆವು: ಸಂತೆ ಬೆಣ್ಣೆ ತಂದು ಮನೆಯಲ್ಲೇ ಕಾಯಿಸಿದ ಎಮ್ಮೆ ತುಪ್ಪ, ಪ್ಯಾಕೆಟ್ ತುಪ್ಪ, ಕರಗಿಸಿದ ಕುರಿ ಕೊಬ್ಬು. ಇವುಗಳ ಎದುರಿಗೆ ಮನೆಯಲ್ಲಿ ಮೊದಲಿನಿಂದ ಇದ್ದ ರಿಫೈನ್ಡ್ ಸೂರ್ಯಕಾಂತಿ ಮತ್ತು ಗಾಣದ ಶೇಂಗಾ ಎಣ್ಣೆ. ಗೆದ್ದಿದ್ದು ಮನೆಯ ಎಮ್ಮೆ ತುಪ್ಪ. ಅದನ್ನು ಮುಚ್ಚಿಡುವುದಿಲ್ಲ. ಇನ್ನು ಓದಿದರೆ ಯಾಕೆ ಅಂತ ಮಾತ್ರ ಗೊತ್ತಾಗುತ್ತದೆ. ಹಂದಿ ಕೊಬ್ಬು ನಮ್ಮ ಮನೆಯೊಳಗೆ ಬರುವುದಿಲ್ಲ, ಅದರ ಬಗ್ಗೆ ಕೇಳಬೇಡಿ.

ಮೊದಲು ಬೆಣ್ಣೆ. ಮಸ್ಕಿ ಕಡೆಯ ಹಳ್ಳಿಯಿಂದ ಒಬ್ಬ ಆಯಿ ಸಂತೆಗೆ ಬರುತ್ತಾಳೆ. ಮುತ್ತಲ ಎಲೆಯಲ್ಲಿ ಬೆಣ್ಣೆ ಮುದ್ದೆ, ಮೇಲೆ ಒದ್ದೆ ಬಟ್ಟೆ. ಅದು ಬೆಳ್ಳಗೆ, ಸ್ವಲ್ಪ ಹಸಿರು ಛಾಯೆ ಇತ್ತು. ನನಗೆ ಮೊದಲ ಸಲ ಅನುಮಾನ ಬಂತು, ಇಷ್ಟು ಬಿಳಿ ಯಾಕೆ ಅಂತ. ಎಮ್ಮೆ ಬೆಣ್ಣೆ ಇರುವುದೇ ಹಾಗೆ. ಮೇವಿನಲ್ಲಿರುವ ಹಳದಿ ಬಣ್ಣ, ಕೆರೋಟಿನ್, ಆಕಳ ಹಾಲಿನಲ್ಲಿ ಹಾಗೇ ಬರುತ್ತದೆ. ಎಮ್ಮೆ ಅದನ್ನು ವಿಟಮಿನ್ ಎ ಮಾಡಿ ಕೊಡುತ್ತದೆ, ಅದಕ್ಕೆ ಬಣ್ಣ ಇಲ್ಲ. ಬಂಗಾರದ ಬಣ್ಣ ನೋಡಿ ಮೋಸ ಹೋಗಿದ್ದ ನಾನು ಈಗ ಬಿಳಿ ಬಣ್ಣ ನೋಡಿ ಅಸಲಿಯನ್ನೇ ಬಿಟ್ಟು ಬರುತ್ತಿದ್ದೆ.

ಮೊದಲ ವಾರ 480 ರೂಪಾಯಿಗೆ ಒಂದು ಕಿಲೋ ತಂದೆ. ಕಾಯಿಸಿ ಸೋಸಿ ತೂಕಕ್ಕಿಟ್ಟರೆ 640 ಗ್ರಾಂ! ಬೆಣ್ಣೆಯಲ್ಲಿ 80 ಶೇಕಡಾ ಕೊಬ್ಬು ಇರಬೇಕು, ಉಳಿದದ್ದು ನೀರು, ಒಂಚೂರು ಮಜ್ಜಿಗೆಯ ಅಂಶ. ಹಾಗಿದ್ದರೆ 750ರ ಮೇಲೆ ಬರಬೇಕಿತ್ತು. ಮುಂದಿನ ವಾರ ಹೋಗಿ ಆಯಿಗೆ ಲೆಕ್ಕ ಹೇಳಿದೆ. ಅವಳು ಒಂಚೂರೂ ಬೇಜಾರಾಗಲಿಲ್ಲ. ಒಂದು ಮುದ್ದೆ ತೆಗೆದು ಅಂಗೈಯಲ್ಲಿ ಒತ್ತಿದಳು. ಬೆರಳ ಸಂದಿಯಿಂದ ಮಜ್ಜಿಗೆ ನೀರು ತೊಟ್ಟಿಕ್ಕಿತು. "ನೀರ ಹಿಂಡಿ ಕೊಡಂದ್ರ ಹಿಂಡಿ ಕೊಡ್ತೀನಿ ತಮ್ಮಾ. ಆದ್ರ ಕಿಲೋಕ್ಕ ಇಪ್ಪತ್ ಹೆಚ್ಚ ಆಕ್ಕತಿ. ನೀರು ಯಾರ ಮನ್ಯಾಗ ಹೋಗಬೇಕು, ನೀನ ಹೇಳು" ಅಂದಳು. ಎಷ್ಟು ವ್ಯಾಪಾರಿಗಳನ್ನು ನೋಡಿದ್ದೇನೆ, ಬತ್ತದ ತೇವಕ್ಕೆ ಇಷ್ಟು ನೇರವಾಗಿ ಉತ್ತರ ಕೊಟ್ಟವರು ಕಡಿಮೆ. 500 ಕೊಟ್ಟೆ. ಆ ಸಲ 775 ಗ್ರಾಂ ತುಪ್ಪ ಬಂತು. ಅಂದರೆ ಕಿಲೋಗೆ 645 ರೂಪಾಯಿ ಬಿತ್ತು, ಗ್ಯಾಸ್ ಬಿಟ್ಟು. ಮೊದಲ ವಾರದ ಅಗ್ಗದ ಬೆಣ್ಣೆಯ ತುಪ್ಪ 750 ಬಿದ್ದಿತ್ತು.

ಕಾಯಿಸುವುದರಲ್ಲಿ ಕಿವಿಗೇ ಕೆಲಸ ಜಾಸ್ತಿ. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮೊದಲು ಬೆಳ್ಳಗೆ ನೊರೆ ಏಳುತ್ತದೆ, ಚಟಚಟ ಸದ್ದು ಜೋರಾಗಿರುತ್ತದೆ. ಅದು ನೀರು ಹೋಗುವ ಸದ್ದು. ಅರ್ಧ ಗಂಟೆಗೆ ಸದ್ದು ಸಣ್ಣದಾಗಿ, ಆಮೇಲೆ ಒಂದು ಕ್ಷಣ ಎಲ್ಲ ನಿಂತ ಹಾಗೆ ಆಗುತ್ತದೆ. ಆಗ ಕಣ್ಣು ಬೇರೆ ಕಡೆ ಹೋಗಬಾರದು. ತಳದ ಗಸಿ ಗೋಧಿ ಬಣ್ಣದಿಂದ ಕಂದು ಬಣ್ಣಕ್ಕೆ ಹೋಗಲು ಎರಡು ನಿಮಿಷ ಸಾಕು. ಅವ್ವ ಆ ಹೊತ್ತಿಗೆ ಸರಿಯಾಗಿ ಒಂದು ಹಿಡಿ ನುಗ್ಗೆ ಸೊಪ್ಪು ಒಗೆದು ಉರಿ ಆರಿಸುತ್ತಾಳೆ. ಸೊಪ್ಪು ಸುರ್ ಅಂತ ಹಪ್ಪಳ ಆಗುತ್ತದೆ. ಆ ಸೊಪ್ಪು, ಗಸಿ, ಒಂದು ತುಣುಕು ಬೆಲ್ಲ ಕಲಸಿದರೆ ಮಗಳಿಗೆ ಅದೇ ಹಬ್ಬ. ಪ್ಯಾಕೆಟ್ ತುಪ್ಪದಲ್ಲಿ ಈ ಗಸಿ ಎಲ್ಲಿ ಸಿಗಬೇಕು?

ಹಂಗಾಮಿಗೆ ತಕ್ಕಂತೆ ತುಪ್ಪವೂ ಬದಲಾಯಿತು. ಹತ್ತಿ ಬಿಡಿಸುವ ಕಾಲ ಆದ ಮೇಲೆ ಎಮ್ಮೆಗಳಿಗೆ ಹತ್ತಿಕಾಳು ಹಾಕುತ್ತಾರೆ. ಆಗ ತಂದ ಬೆಣ್ಣೆ ಗಟ್ಟಿ, ತುಪ್ಪದ ಹರಳೂ ದಪ್ಪ. ಮಳೆಗಾಲದ ಹಸಿ ಮೇವಿನ ತುಪ್ಪ ಮೆತ್ತಗಿತ್ತು. ಯಾವಾಗಲೂ ಒಂದೇ ಥರ ಇರಬೇಕು ಅನ್ನುವವರಿಗೆ ಇದು ಕಿರಿಕಿರಿ ಅನ್ನಿಸಬಹುದು. ನನಗೆ ಇಷ್ಟ ಆಯಿತು.

ಪ್ಯಾಕೆಟ್ ತುಪ್ಪದ ಬಗ್ಗೆ ದೂರು ಇಲ್ಲ. ನಮ್ಮದೇ ರಾಯಚೂರು, ಬಳ್ಳಾರಿ, ಕೊಪ್ಪಳದ ಹಾಲು ಒಕ್ಕೂಟ ಇದೆ, ನಂದಿನಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಪರೀಕ್ಷೆಯಲ್ಲೂ ಪಾಸಾಯಿತು. ಸಂತೆಗೆ ಹೋಗಲು ಆಗದ ವಾರ ಅದೇ ತರುತ್ತೇವೆ. ಒಂದೇ ಮಾತು: ಪ್ಯಾಕೆಟ್ ಲೀಟರ್ ಲೆಕ್ಕ, ಸಂತೆ ಕಿಲೋ ಲೆಕ್ಕ. ಒಂದು ಲೀಟರ್ ತುಪ್ಪ ಸುಮಾರು 910 ಗ್ರಾಂ ಮಾತ್ರ. ಬೆಲೆ ಹೋಲಿಸುವಾಗ ಇದನ್ನು ಮರೆಯಬೇಡಿ.

ಇನ್ನು ಡಬ್ಬಿಯ ಮೇಲೆ ಎ2 ಅಂತ ಬರೆದು ಸಾವಿರಗಟ್ಟಲೆ ಬೆಲೆ ಹಾಕುವ ತುಪ್ಪ. ಕೊಳ್ಳಲಿಲ್ಲ, ಕೊಳ್ಳುವುದೂ ಇಲ್ಲ. ಎ2 ಅನ್ನೋದು ಹಾಲಿನ ಪ್ರೋಟೀನ್ ಒಂದರ ಹೆಸರು. ತುಪ್ಪ ಕಾಯಿಸಿ ಸೋಸಿದ ಮೇಲೆ ಅದರಲ್ಲಿ ಪ್ರೋಟೀನ್ ಉಳಿಯುವುದೇ ಅಷ್ಟಕ್ಕಷ್ಟೇ. 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಈ ಬರಹ ತೆಗೆಯಿರಿ ಅಂತ ಆದೇಶ ಹೊರಡಿಸಿ, ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ಪಡೆಯಿತು. ಬರಹ ಉಳಿಯಿತು, ಬೆಲೆಯೂ ಉಳಿಯಿತು.

ಈಗ ಕುರಿ ಕೊಬ್ಬು. ನನಗೆ ಜಾಸ್ತಿ ಆಸೆ ಇದ್ದದ್ದು ಇದರ ಮೇಲೆ. ವಿಡಿಯೋದವರು ಹೊಗಳಿದ್ದೂ ಇದನ್ನೇ. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್‌ನವರು ಆಲೂಗಡ್ಡೆ ಫ್ರೈಗಳನ್ನು 1990ರವರೆಗೆ ದನದ ಕೊಬ್ಬಿನಲ್ಲೇ ಕರಿಯುತ್ತಿದ್ದರು, ರುಚಿ ಹೋಯಿತು ಅಂತ ಅಲ್ಲಿಯವರು ಇನ್ನೂ ಗೋಳಾಡುತ್ತಾರೆ. ನಮ್ಮ ಅವ್ವನಿಗೆ ಆ ಕತೆ ಬೇಕಿರಲಿಲ್ಲ. "ನಮ್ಮೂರಾಗ ಬಾಡಿನ ಸಾರಿಗೆ ಎಣ್ಣಿ ಯಾರ್ ಹಾಕತಿದ್ರು? ಕೊಬ್ಬ ಕರಗಿಸಿ ಅದರಾಗ ಉಳ್ಳಾಗಡ್ಡಿ ಹುರಿಯೂದು" ಅಂದಳು. ಹಾಗಿದ್ದರೆ ಇದಕ್ಕೆ ಅರ್ಧ ಮತ ಮನೆಯಲ್ಲೇ ಬಿತ್ತು ಅಂದುಕೊಂಡೆ.

ಮಟನ್ ಅಂಗಡಿಯ ಭಾಯ್‌ಗೆ ಕೊಬ್ಬು ಬೇಕು ಅಂದಾಗ ಅವನು ಚಾಕು ಕೆಳಗಿಟ್ಟು ನೋಡಿದ. "ಎಲ್ಲಾರೂ ಕೊಬ್ಬ ತಗೀರಿ ತಗೀರಿ ಅಂತಾರ, ನೀವ್ ಬೇಕಂತೀರಿ ಅಣ್ಣಾ." ನಮ್ಮ ಕಡೆಯ ಕುರಿ ಅಂದರೆ ಕೆಂಗುರಿ, ಇಲ್ಲವೇ ಬಳ್ಳಾರಿ ಕುರಿ. ದಿನವಿಡೀ ಕೊಯ್ದ ಹೊಲಗಳಲ್ಲಿ ನಡೆದು ಮೇಯುವ ಕುರಿಗಳು, ಮೈಯಲ್ಲಿ ಕೊಬ್ಬು ಕಡಿಮೆ. ಗುರ್ದಾ, ಅಂದರೆ ಮೂತ್ರಪಿಂಡದ ಸುತ್ತ ಇರುವ ಬಿಳಿ ಗಟ್ಟಿ ಕೊಬ್ಬೇ ಕರಗಿಸಲು ಒಳ್ಳೆಯದು. ಎರಡು ಮೂರು ಕುರಿಯದ್ದು ಸೇರಿಸಿ ಭಾನುವಾರ ಒಂದು ಕಿಲೋ ಎತ್ತಿಟ್ಟ. 100 ರೂಪಾಯಿ ಕೊಟ್ಟೆ.

ಕರಗಿಸುವ ವಾಸನೆ ಮನೆಯೊಳಗೆ ಬೇಡ ಅಂತ ಹಿತ್ತಲಿನ ಒಲೆಗೆ ಕಳಿಸಿದರು. ಸಣ್ಣಗೆ ಹೆಚ್ಚಿ, ತಳ ಹತ್ತದಿರಲಿ ಅಂತ ಅರ್ಧ ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ನೀರು ಹೋಗುತ್ತದೆ, ಕೊಬ್ಬು ತಿಳಿಯಾಗುತ್ತದೆ, ಚೂರುಗಳು ಕಂದಾಗಿ ಮೇಲೆ ತೇಲುತ್ತವೆ. ಸೋಸಿದಾಗ 710 ಗ್ರಾಂ ಬಂತು. ಆ ಕಂದು ಚೂರುಗಳಿಗೆ ಉಪ್ಪು, ಕೆಂಪು ಖಾರ ಉದುರಿಸಿ ಜೋಳದ ರೊಟ್ಟಿಯ ಜೊತೆ ತಿಂದೆ. ಅಂದು ರಾತ್ರಿ ಇಡೀ ಓಣಿಗೆ ಈ ಕೊಬ್ಬನ್ನೇ ಶಿಫಾರಸು ಮಾಡುವ ಉತ್ಸಾಹ ಇತ್ತು. ಆಲೂಗಡ್ಡೆ ಹುರಿದರೆ ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಖೀಮಾ ಅಂತೂ ಕೇಳಲೇಬೇಡಿ.

ತಂಟೆ ಶುರುವಾದದ್ದು ಸೋಮವಾರ. ಆಲೂ ಪಲ್ಯ, ನಾಲ್ಕು ರೊಟ್ಟಿ ಡಬ್ಬಿಗೆ ಹಾಕಿಕೊಂಡು ಬೆಳಿಗ್ಗೆ ಏಳಕ್ಕೇ ಗಿರಣಿಗೆ ಹೋದೆ. ಮಧ್ಯಾಹ್ನ ಒಂದಕ್ಕೆ ಡಬ್ಬಿ ತೆರೆದರೆ ಪಲ್ಯದ ಮೇಲೆ ಬಿಳಿ ಪದರ. ಥೇಟ್ ಮೇಣದ ಬತ್ತಿ ಕರಗಿ ಆರಿದ ಹಾಗೆ. ಜನವರಿ ತಿಂಗಳು. ಬಾಯಿಗೆ ಹಾಕಿದರೆ ರೊಟ್ಟಿ ಬೇರೆ, ಪಲ್ಯ ಬೇರೆ, ಮೇಣ ಬೇರೆ. ತುಟಿಗೆ ಮೆತ್ತಿಕೊಂಡಿತು. ತಣ್ಣೀರು ಕುಡಿದೆ, ಇನ್ನೂ ಗಟ್ಟಿಯಾಯಿತು. ಕೊನೆಗೆ ಎರಡು ಕಪ್ ಬಿಸಿ ಚಹಾ ಕುಡಿದ ಮೇಲೆ ನಾಲಿಗೆಗೆ ನಾಲಿಗೆ ಸಿಕ್ಕಿತು.

ಕಾರಣ ಸರಳ. ತುಪ್ಪ ನಮ್ಮ ಮೈಯ ಬಿಸಿಗೆ ಕರಗುತ್ತದೆ. ಕುರಿ ಕೊಬ್ಬು ಪೂರ್ತಿ ಕರಗಲು 45 ಡಿಗ್ರಿಯ ಆಸುಪಾಸು ಬೇಕು. ಬಾಯಿಯ ಬಿಸಿ 37. ಅಂದರೆ ತಟ್ಟೆಯಲ್ಲಿ ಹೊಗೆಯಾಡುವಾಗ ತಿಂದರೆ ಅಮೃತ, ಹತ್ತು ನಿಮಿಷ ಮಾತಾಡುತ್ತಾ ಕೂತರೆ ಕೆಟ್ಟಿತು. ರಾಯಚೂರು ಜಿಲ್ಲೆಯ ಮೇ ತಿಂಗಳ ಬಿಸಿಲಿಗೂ ಇದು ಪೂರ್ತಿ ಮಣಿಯುವುದಿಲ್ಲ, ಆ ಬಿಸಿಲಲ್ಲಿ ನಾವೇ ಕರಗುತ್ತೇವೆ. ಅವ್ವನ ಕಾಲದಲ್ಲಿ ಒಲೆ ಮುಂದೆಯೇ ಕೂತು, ಹಂಚಿನಿಂದ ತೆಗೆದ ರೊಟ್ಟಿ, ಕುದಿಯುವ ಸಾರು ಉಣ್ಣುತ್ತಿದ್ದರು. ಡಬ್ಬಿ ಕಟ್ಟುವ ಕೆಲಸ ಇರಲಿಲ್ಲ. ನನ್ನ ಹೊಟ್ಟೆಗೆ ಆರು ದಿನ ಡಬ್ಬಿಯೇ ಗತಿ.

ಡಬ್ಬಿ ಬಿಟ್ಟರೆ ಆಯಿತಲ್ಲ, ಭಾನುವಾರ ಮಾತ್ರ ಮಾಡೋಣ ಅಂದುಕೊಂಡೆವು. ಆಗ ಪಾತ್ರೆಗಳು ಕೈಕೊಟ್ಟವು. ತಣ್ಣೀರು, ಸಾಬೂನು ಹಾಕಿ ಉಜ್ಜಿದರೆ ಜಿಡ್ಡು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಕೈಗೆ, ಕೈಯಿಂದ ನಲ್ಲಿಗೆ. ನನ್ನ ಹೆಂಡತಿ ನೀರು ಕಾಯಿಸಿ ಸುರಿದು ತೊಳೆದಳು. ಪಾತ್ರೆ ಹೊಳೆದವು. ಆ ಬಿಸಿನೀರು ಕೊಬ್ಬನ್ನು ಸಿಂಕಿನ ಕೆಳಗಿನ ಬಾಗಿದ ಪೈಪಿನವರೆಗೆ ಒಯ್ದು, ಅಲ್ಲಿ ತಣ್ಣಗಾಗಿ, ಬಿಟ್ಟು ಹೋಯಿತು. ಮೂರನೇ ಭಾನುವಾರ ಸಂಜೆ ಸಿಂಕ್ ತುಂಬಿ ನಿಂತಿತು, ಒಂದು ಹನಿಯೂ ಇಳಿಯಲಿಲ್ಲ. ಮನೆಗೆ ನೆಂಟರು ಬಂದಿದ್ದರು. ಪ್ಲಂಬರ್ ಬಂದು ಪೈಪ್ ಬಿಚ್ಚಿ, ಒಂದು ಗೇಣು ಉದ್ದದ ಬಿಳಿ ಬತ್ತಿ ಎಳೆದು ಕೈಗಿಟ್ಟ. "ಏನ್ರಿ ಇದು, ಮೇಣದ ಫ್ಯಾಕ್ಟರಿ ಇಟ್ಟೀರೇನು?" ಅಂದ. 400 ರೂಪಾಯಿ. 100 ರೂಪಾಯಿಯ ಕೊಬ್ಬಿಗೆ 400 ರೂಪಾಯಿಯ ಪೈಪು. ಲೆಕ್ಕದ ಪುಸ್ತಕದಲ್ಲಿ ಇದನ್ನು ಯಾವ ಕಾಲಮ್ಮಿಗೆ ಬರೆಯಬೇಕು ಅಂತ ಇನ್ನೂ ಗೊತ್ತಾಗಿಲ್ಲ.

ದಾರಿ ತೋರಿಸಿದ್ದು ಅವ್ವನೇ. ಮೊದಲು ಹಳೇ ಪೇಪರಿನಿಂದ ಬಾಣಲೆ ಒರೆಸಬೇಕು. ಆಮೇಲೆ ಒಲೆಯ ಬೂದಿ, ತೆಂಗಿನ ನಾರು, ನೀರಿಲ್ಲದೆ ಒಣಗೇ ತಿಕ್ಕಬೇಕು. ಬೂದಿ ಜಿಡ್ಡನ್ನು ಹೀರಿಕೊಂಡು ಉಂಡೆ ಉಂಡೆಯಾಗಿ ಉದುರುತ್ತದೆ, ಅದನ್ನು ಕಸಕ್ಕೆ ಹಾಕಿ ಆಮೇಲೆ ನೀರು. ಬೂದಿಯಲ್ಲಿ ಕ್ಷಾರ ಇರುವುದರಿಂದ ಕೊಬ್ಬಿನ ಜೊತೆ ಸೇರಿ ಒಂದಿಷ್ಟು ಸಾಬೂನೂ ಆಗುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಗ್ಯಾಸ್ ಒಲೆಯ ಮನೆಯಲ್ಲಿ ದಿನಾ ಬೂದಿ ಎಲ್ಲಿಂದ ತರೋಣ? ಸಾಲದ್ದಕ್ಕೆ ಫ್ರಿಜ್ಜಿನ ಹೊರಗೆ ಮರೆತಿದ್ದ ಒಂದು ಬಟ್ಟಲು ಕೊಬ್ಬು ಮೂರು ವಾರಕ್ಕೆ ಕಮಟು ಹಿಡಿಯಿತು. ಕುರಿ ಕೊಬ್ಬು ಈಗ ಭಾನುವಾರದ ಸಾರಿಗೆ ಎರಡು ಚಮಚ, ಅಷ್ಟಕ್ಕೇ ನಿಂತಿದೆ.

ಎಣ್ಣೆಗಳ ಕಡೆ ಬಂದರೆ, ರಿಫೈನ್ಡ್ ಸೂರ್ಯಕಾಂತಿಗೆ ರುಚಿಯೂ ಇಲ್ಲ, ತಂಟೆಯೂ ಇಲ್ಲ. ನಾನು ಸಣ್ಣವನಿದ್ದಾಗ ಲಿಂಗಸುಗೂರು ರಸ್ತೆಯ ಎರೆ ಹೊಲಗಳಲ್ಲಿ ಸೂರ್ಯಕಾಂತಿ ಕಣ್ಣಿಗೆ ಹೊಡೆಯುತ್ತಿತ್ತು. ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. 2022ರಲ್ಲಿ ಸೂರ್ಯಕಾಂತಿ ಎಣ್ಣೆ ಕಳಿಸುವ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಸಿಂಧನೂರಿನ ಕಿರಾಣಿ ಅಂಗಡಿಯಲ್ಲಿ ಬೆಲೆ ಏರಿತ್ತು, ನೆನಪಿದೆಯಾ? ಇನ್ನು ಬೀಜದ ಎಣ್ಣೆಯೆಲ್ಲ ವಿಷ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ನಮ್ಮ ಗಿರಣಿಯ ತೌಡೇ ಎಣ್ಣೆ ತೆಗೆಯುವ ಫ್ಯಾಕ್ಟರಿಗೆ ಹೋಗುತ್ತದೆ. ಅದು ಗಾಣಕ್ಕೆ ಬಗ್ಗುವ ವಸ್ತು ಅಲ್ಲ, ಹೆಕ್ಸೇನ್ ಅನ್ನೋ ಎಣ್ಣೆ ಕರಗಿಸುವ ದ್ರಾವಕ ಹಾಕಿ ತೆಗೆದು, ಆಮೇಲೆ ಅದನ್ನು ಆವಿ ಮಾಡಿ ಹೊರಹಾಕುತ್ತಾರೆ. ತಡಮಾಡಿದರೆ ತೌಡು ತಾನೇ ಕೆಟ್ಟು ಕಮಟಾಗುತ್ತದೆ, ಅದಕ್ಕೇ ಲಾರಿ ಬರುವುದು ಒಂದು ದಿನ ತಪ್ಪಿದರೂ ನಮ್ಮ ಸಾಹುಕಾರರ ಮುಖ ಬಾಡುತ್ತದೆ. ದಿನಾ ನೋಡುವ ಕೆಲಸ ಇದು, ಹೆದರುವಂಥದ್ದು ನನಗೆ ಕಂಡಿಲ್ಲ.

ಗಾಣದ ಶೇಂಗಾ ಎಣ್ಣೆ ಲೀಟರಿಗೆ 300. ತುಪ್ಪದ ಎದುರು ನಿಂತು ಗೆದ್ದ ಕಡೆಯೂ ಇದೆ. ತುಪ್ಪದಲ್ಲಿ ಎಣ್ಣೆಗಾಯಿ ಮಾಡಿ ನೋಡಿದೆವು. ಬದನೆಕಾಯಿ, ಶೇಂಗಾ ಪುಡಿ, ಗುರೆಳ್ಳು ಒಂದು ಕಡೆ, ತುಪ್ಪದ ಘಮ ಇನ್ನೊಂದು ಕಡೆ. ಎರಡೂ ಜಗಳ ಆಡಿದವು. ಹೆಸರಲ್ಲೇ ಎಣ್ಣೆ ಇರುವ ಪಲ್ಯಕ್ಕೆ ತುಪ್ಪ ಹಾಕಿದ್ದು ನಮ್ಮದೇ ತಪ್ಪು. ಪುಂಡಿ ಪಲ್ಯಕ್ಕೂ ಶೇಂಗಾ ಎಣ್ಣೆಯೇ ಸರಿ. ಮಿರ್ಚಿಯನ್ನು ತುಪ್ಪದಲ್ಲಿ ಕರಿದದ್ದು ಒಂದೇ ಸಲ. ಎರಡಕ್ಕೇ ಹೊಟ್ಟೆ ತುಂಬಿತು, ಬಾಣಲೆಯಲ್ಲಿ ಉಳಿದ ತುಪ್ಪ ನೋಡಿ ಹೊಟ್ಟೆ ಉರಿಯಿತು. ಕುಸುಬೆ ಎಣ್ಣೆ ಇದ್ದರೆ ಇನ್ನೂ ಚೆನ್ನ ಅಂತ ಅವ್ವ ಹೇಳುತ್ತಲೇ ಇರುತ್ತಾಳೆ, ಗಾಣದವನ ಹತ್ತಿರ ವರ್ಷಕ್ಕೆ ಎರಡು ಸಲ ಸಿಕ್ಕರೆ ಪುಣ್ಯ.

ತುಪ್ಪ ಗೆದ್ದದ್ದು ಉಳಿದ ಕಡೆಯೆಲ್ಲ. ಬೇಳೆ ಸಾರಿನ ಒಗ್ಗರಣೆ, ಬಿಸಿ ಸಜ್ಜೆ ರೊಟ್ಟಿ, ಉಪ್ಪಿಟ್ಟು, ಮೊಟ್ಟೆ. ಉರಿ ಜೋರಿದ್ದರೂ ಚೆನ್ನಾಗಿ ಸೋಸಿದ ತುಪ್ಪ ಬೇಗ ಹೊಗೆಯಾಡುವುದಿಲ್ಲ, 250 ಡಿಗ್ರಿ ಹತ್ತಿರದವರೆಗೂ ತಡೆಯುತ್ತದೆ. ಗಾಣದ ಶೇಂಗಾ ಎಣ್ಣೆ 160ರ ಹೊತ್ತಿಗೇ ಹೊಗೆ ಬಿಡಲು ಶುರು ಮಾಡುತ್ತದೆ. ಆದರೆ ನನಗೆ ನಿಜವಾಗಿ ಲಾಭ ಕಂಡದ್ದು ಬೇರೆ ಕಡೆ: ಘಮ ಇರುವುದರಿಂದ ಕಡಿಮೆ ಸಾಕಾಗುತ್ತದೆ. ಮೂರು ಚಮಚ ಎಣ್ಣೆ ಬೀಳುತ್ತಿದ್ದ ಒಗ್ಗರಣೆಗೆ ಒಂದೂವರೆ ಚಮಚ ತುಪ್ಪ. ಡಬ್ಬಿಯಲ್ಲೂ ಮಧ್ಯಾಹ್ನಕ್ಕೆ ಬಾಯಿಗೆ ಮೆತ್ತುವುದಿಲ್ಲ.

ಎಲ್ಲ ಅಡುಗೆಗೂ ತುಪ್ಪವೇ ಯಾಕಲ್ಲ ಅಂತ ಕೇಳಬಹುದು. ಅದನ್ನೂ ಕೂಡಿ ಕಳೆದು ನೋಡಿದೆ. ನಾವು ನಾಲ್ಕು ಜನ, ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಹೋಗುತ್ತಿತ್ತು. ಅಷ್ಟನ್ನೂ ತುಪ್ಪ ಮಾಡಿದರೆ ದಿನಕ್ಕೆ ಒಬ್ಬರಿಗೆ 30 ಗ್ರಾಂ. ತುಪ್ಪದಲ್ಲಿ 60 ಶೇಕಡಾಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು, ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲ ಅನ್ನುವ ಥರದ್ದು. ಅಂದರೆ 18 ಗ್ರಾಂ ದಾಟುತ್ತದೆ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಸುಮಾರು 22 ಗ್ರಾಂ. ಹಾಲು, ಮೊಸರು, ಮಟನ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅವ್ವನಿಗೆ ಬಿಪಿ ಬೇರೆ. ಸೂರ್ಯಕಾಂತಿಯಲ್ಲಿ ಇದೇ ಕೊಬ್ಬು 10-11 ಶೇಕಡಾ ಮಾತ್ರ. ಅಜ್ಜನ ಕಾಲದವರು ತಿನ್ನುತ್ತಿದ್ದರಲ್ಲ ಅನ್ನುವವರಿಗೆ: ನಮ್ಮಜ್ಜ ತುಪ್ಪ ತಿಂದು ಕುರಿಯ ಹಿಂದೆ ಹತ್ತು ಮೈಲಿ ನಡೆಯುತ್ತಿದ್ದ. ನಾನು ತಿಂದು ಕುರ್ಚಿಯ ಮೇಲೆ ಕೂತು ಚೀಲ ಎಣಿಸುತ್ತೇನೆ.

ಹಾಗಾಗಿ ಈಗ ತಿಂಗಳಿಗೆ ಒಂದು ಕಿಲೋ ಮನೆಯ ತುಪ್ಪ, ಒಂದೂವರೆ ಲೀಟರ್ ಶೇಂಗಾ ಎಣ್ಣೆ, ಕರಿಯಲು ಒಂದು ಲೀಟರ್ ರಿಫೈನ್ಡ್, 50 ರೂಪಾಯಿಯ ಕುರಿ ಕೊಬ್ಬು. ತುಪ್ಪ ದಿನಕ್ಕೆ ಒಬ್ಬರಿಗೆ ಎಂಟು ಗ್ರಾಂ ಬೀಳುತ್ತದೆ. ಖರ್ಚು ಸುಮಾರು 1,300. ಮೊದಲು ನಾಲ್ಕು ಲೀಟರ್ ರಿಫೈನ್ಡ್, ಅರ್ಧ ಲೀಟರ್ ಪ್ಯಾಕೆಟ್ ತುಪ್ಪ ಸೇರಿ 980 ಆಗುತ್ತಿತ್ತು. 320 ಹೆಚ್ಚು. ಅದನ್ನು ಗಿರಣಿ ಎದುರಿನ ಬಂಡಿಯ ಸಂಜೆ ಮಿರ್ಚಿಯಿಂದ ಕಡಿತ ಮಾಡಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು ಒಪ್ಪಿದ್ದೇನೆ. ವಾರಕ್ಕೆ ಎರಡು ದಿನ ಬಿಟ್ಟು.

ಸಂತೆ ಹತ್ತಿರ ಇಲ್ಲದವರು, ಅರ್ಧ ಗಂಟೆ ಒಲೆ ಮುಂದೆ ನಿಲ್ಲಲು ಪುರುಸೊತ್ತಿಲ್ಲದವರು ಪ್ಯಾಕೆಟ್ ತುಪ್ಪ ತಂದುಕೊಳ್ಳಿ, ನಷ್ಟ ಇಲ್ಲ. ಬೆಣ್ಣೆ ತರುವವರು ಒತ್ತಿ ನೋಡಿ ತನ್ನಿ. ಕೊಬ್ಬು ಕರಗಿಸುವವರು ಸಿಂಕಿನ ಹತ್ತಿರ ಹೋಗಬೇಡಿ.

ಆ ಎರಡು ಕಿಲೋದಲ್ಲಿ ಉಳಿದದ್ದನ್ನು ಕಾರ್ತಿಕದ ದೀಪಕ್ಕೆ ಹಾಕೋಣ ಅಂದೆ. "ನಿನಗ ಮೋಸ ಮಾಡಿದ್ದು ಸಾಲಲಿಲ್ಲೇನು, ದೇವರಿಗೂ ಅದ ತುಪ್ಪನ?" ಅಂತ ಅವ್ವ ಬೈದಳು. ದೀಪಕ್ಕೆ ಹೊಸ ಎಳ್ಳೆಣ್ಣೆ ಬಂತು. ಕ್ಯಾನಿನ ತುಪ್ಪ ಈಗ ಹಿತ್ತಲಿನ ಗೂಡಿನಲ್ಲಿದೆ. ಕಬ್ಬಿಣದ ಗೇಟು ಕಿರ್ ಅಂದಾಗಲೆಲ್ಲ ಅದರ ಕೀಲಿಗೆ ಒಂದು ಬೆರಳು ಸವರುತ್ತೇನೆ.